ದೋಷ ಕಂಡುಬಂದಿಲ್ಲ

ಮತ್ತೆ ನಿಂತಿತು. ಕಂಪ್ಯೂಟರಿನ ಪರದೆ ಒಮ್ಮೆ ನೀಲಿಯಾಗಿ, ಆಮೇಲೆ ಕಪ್ಪಾಗಿ, ಪೆಟ್ಟಿಗೆಯೊಳಗಿನ ಫ್ಯಾನು ಕೊನೆಯ ಸುತ್ತು ತಿರುಗಿ ಸುಮ್ಮನಾಯಿತು. ಅಡುಗೆಮನೆಯಲ್ಲಿ ಆಗತಾನೆ ಶುರುವಾಗಿದ್ದ ಮಿಕ್ಸರನ್ನು ಹೆಂಡತಿ ನಿಲ್ಲಿಸಿದಳು.

"ಹೋತೇನ್ರಿ?" ಅಲ್ಲಿಂದಲೇ ಕೇಳಿದಳು ಸ್ನೇಹಲತಾ.

"ಇಲ್ಲ, ನಡದೈತಿ," ಅಂದ ಕಾಶಿನಾಥ.

ಕಪ್ಪು ಪರದೆಯ ಮುಂದೆ ಕೂತು ಇಂಥ ಸುಳ್ಳು ಯಾಕೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ. ಅವಳು ಎರಡು ಹೆಜ್ಜೆ ಈಚೆ ಬಂದರೆ ಗೊತ್ತಾಗುತ್ತಿತ್ತು. ಅವಳು ಬರಲಿಲ್ಲ. ಈಚೆಗೆ ಅವಳು ಈ ಕೋಣೆಗೆ ಬರುವುದನ್ನೇ ಕಡಿಮೆ ಮಾಡಿದ್ದಳು.

ಹೈದರಾಬಾದಿನ ಹೊರವಲಯದ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಅವನು ಇಪ್ಪತ್ತೇಳು ವರ್ಷ ತಪಾಸಣೆಯ ಕೆಲಸ ಮಾಡಿದ್ದ. ಬೇರೆಯವರು ಜೋಡಿಸಿದ್ದನ್ನು ನೋಡುವುದು, ತಪ್ಪು ಹಿಡಿಯುವುದು, ಸರಿಯಿದ್ದರೆ ಮುದ್ರೆ ಒತ್ತುವುದು. ಮೂರು ತಿಂಗಳ ಹಿಂದೆ ಸ್ವಯಂ ನಿವೃತ್ತಿ ಕೊಟ್ಟರು. ಅದರಲ್ಲಿ ಅವನ ಸ್ವಯಂ ಎಷ್ಟಿತ್ತೋ ಅವನಿಗೇ ಅನುಮಾನ. ಮನೆಗೆ ಬಂದವನು ಜೀವನದಲ್ಲಿ ಮೊದಲ ಬಾರಿ ಒಂದು ವಸ್ತುವನ್ನು ತಾನೇ ಜೋಡಿಸಿದ. ಸಿಕಂದರಾಬಾದಿನ ಅಂಗಡಿಸಾಲು ಅಲೆದು, ಒಂದೊಂದೇ ಭಾಗ ಆರಿಸಿ ತಂದು, ಊಟದ ಮೇಜಿನ ಮೇಲೆ ಹಳೇ ಸೀರೆ ಹಾಸಿ, ನಾಲ್ಕು ದಿನ ಕೂತು ಕಟ್ಟಿದ ಕಂಪ್ಯೂಟರು.

ಕಟ್ಟಿದ್ದು ಸ್ನೇಹಲತಾಳಿಗಾಗಿ. ಮದುವೆಗೆ ಮುಂಚೆ ಅವಳು ಬೀದರಿನಲ್ಲಿ ಎರಡು ವರ್ಷ ಗಣಿತ ಕಲಿಸಿದ್ದಳು. ಈಗ ಮನೆಯಿಂದಲೇ ಆನ್‌ಲೈನ್ ಪಾಠ ಮಾಡುವವರನ್ನು ಆರಿಸುವ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಳು. ಕಳೆದ ಗುರುವಾರ ಮಾದರಿ ಪಾಠವಿತ್ತು. ಹನ್ನೊಂದನೇ ನಿಮಿಷಕ್ಕೆ, ಅವಳು ಭಿನ್ನರಾಶಿ ಕಲಿಸುತ್ತ ಒಂದು ರೊಟ್ಟಿಯನ್ನು ನಾಲ್ಕು ಜನಕ್ಕೆ ಹಂಚುತ್ತಿದ್ದಾಗ, ಯಂತ್ರ ನಿಂತಿತು. ಅವರು ಇನ್ನೊಂದು ಅವಕಾಶ ಕೊಟ್ಟರು: ಇವತ್ತು ಸಂಜೆ ನಾಲ್ಕಕ್ಕೆ. ಮೂರನೆಯದು ಇಲ್ಲ ಎಂದೂ ಬರೆದಿದ್ದರು.

ಕೆಳಗಿನ ಮನೆಯ ಶಿವದೇವಿಯ ಲ್ಯಾಪ್‌ಟಾಪ್ ಇಸಕೊಳ್ಳಲೇ ಎಂದು ಅವಳು ಮೊನ್ನೆ ಕೇಳಿದ್ದಳು. "ಮನ್ಯಾಗ ಇರೂಮುಂದ ಮಂದೀದ್ಯಾಕ?" ಅಂದಿದ್ದ. ಅವಳು ಮತ್ತೆ ಕೇಳಿರಲಿಲ್ಲ.

ಅವನಿಗೆ ಗೊತ್ತಿದ್ದ ದಾರಿ ಒಂದೇ. ಒಂದು ಭಾಗ ತೆಗೆ, ನೋಡು. ಅದನ್ನು ಹಾಕು, ಇನ್ನೊಂದು ತೆಗೆ, ನೋಡು. ಮೆಮೊರಿಯ ಎರಡು ಪಟ್ಟಿಗಳನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಒಂದೊಂದಾಗಿ ಕೂರಿಸಿದ್ದ. ಕೇಬಲ್ಲು ಬದಲಿಸಿದ್ದ. ಅವನೊಬ್ಬನೇ ಕೂತು ಪರೀಕ್ಷೆ ನಡೆಸಿದರೆ ಗಂಟೆಗಟ್ಟಲೆ ತಕರಾರಿಲ್ಲದೆ ಓಡುತ್ತಿತ್ತು. ಕಾರ್ಖಾನೆಯಲ್ಲೂ ಇಂಥವು ಬರುತ್ತಿದ್ದವು. ಬಳಸುವವರು ಕೆಟ್ಟಿದೆ ಎಂದು ವಾಪಸು ಕಳಿಸುತ್ತಿದ್ದರು. ತಪಾಸಣೆಯ ಬೆಂಚಿನ ಮೇಲಿಟ್ಟರೆ ಸರಿಯಾಗಿರುತ್ತಿತ್ತು. ಅದಕ್ಕೊಂದು ಬೇರೆ ಮುದ್ರೆಯೇ ಇತ್ತು: ದೋಷ ಕಂಡುಬಂದಿಲ್ಲ. ಸಾವಿರ ಸಲ ಒತ್ತಿದ್ದಾನು, ನೆಮ್ಮದಿಯಿಂದ. ಬಳಸುವವರು ಹೇಗೆ ಬಳಸುತ್ತಾರೋ ಯಾರು ಕಂಡರು, ಅಂದುಕೊಂಡು.

ಹತ್ತೂವರೆಗೆ ಮಲ್ಲಣ್ಣನಿಗೆ ಫೋನು ಮಾಡಿದ. ಅದೇ ಕಾರ್ಖಾನೆಯಲ್ಲಿ ಜೋಡಣೆಯ ಸಾಲಿನಲ್ಲಿದ್ದವನು, ಕೈ ಚುರುಕಿನವನು.

"ಯಾರು ಜೋಡಿಸ್ಯಾರ್ರಿ ಸಾಹೇಬ್ರ?"

"ನಾನಽ."

"ಮತ್ತ ತಪಾಸಣಿ?"

"ನಾನಽ."

ಆ ಕಡೆಯಿಂದ ಮಲ್ಲಣ್ಣ ಬಾಯಿತುಂಬ ನಕ್ಕ. "ಜೋಡಿಸಿದಾಂವ ತನ್ನ ಕೆಲಸ ತಾನಽ ನೋಡಬಾರದು ಅಂತ ಇಪ್ಪತ್ತೇಳು ವರ್ಷ ನಮ್ಮ ಕೈ ಕಟ್ಟಿದ್ರಲ್ರಿ! ಇರ್ಲಿ, ನಾ ಬರ್ತೀನಿ. ನಿಮ್ಮ ಬಿಲ್ಡಿಂಗ್ ಹಳೇದು, ಮನಿ ವೈರಿಂಗ್ ನೋಡಬೇಕು, ಅರ್ಥಿಂಗ್ ನೋಡಬೇಕು. ಅರ್ಧ ತಾಸಿನ ಕೆಲಸ. ಮೆಹದಿಪಟ್ಟಣಂ ಬಸ್ ಹತ್ತಿದೆ ಅಂದ್ರ..."

"ಬ್ಯಾಡ. ಬಿಸಲು ಭಾಳ ಐತಿ."

"ಬಿಸಲು ನನಗೇನ್ ಹೊಸದೇನ್ರಿ?"

"ನೋಡೂಣು," ಅಂದು ಫೋನು ಇಟ್ಟ. ಇನ್ನೊಬ್ಬರ ಕೈ ಈ ಪೆಟ್ಟಿಗೆಯೊಳಗೆ ಹೋಗುವುದು ಅವನಿಗೆ ಬೇಕಿರಲಿಲ್ಲ.

ಮಧ್ಯಾಹ್ನ ಸ್ನೇಹಲತಾ ಮಜ್ಜಿಗೆ ತಂದಿಟ್ಟಳು. ಲೋಟ ಇಡಲು ಜಾಗ ಮಾಡುವಾಗ ಅವನ ನೋಟ್‌ಬುಕ್ಕು ಕೈಗೆ ಸಿಕ್ಕಿತು. ಸ್ಕೇಲಿಟ್ಟು ಎಳೆದ ಮೂರು ಅಂಕಣ: ಸಮಯ, ಸ್ಥಿತಿ, ಫಲಿತಾಂಶ. ಅವಳು ಬೆರಳಿಟ್ಟು, ಮೇಷ್ಟ್ರ ಹಾಗೆ, ಗಟ್ಟಿಯಾಗಿ ಓದಿದಳು.

"ಸೋಮವಾರ, ಹತ್ತು ಇಪ್ಪತ್ತು. ಸ್ನೇಹಾ ಒಳಗೆ ಬಂದಳು. ನಿಂತಿತು. ಹನ್ನೆರಡು ಐದು. ಸ್ನೇಹಾ ಫ್ಯಾನು ಹಾಕಿದಳು. ನಿಂತಿತು. ಮಂಗಳವಾರ. ಸ್ನೇಹಾ, ಮಿಕ್ಸರು. ನಿಂತಿತು. ಬುಧವಾರ. ಸ್ನೇಹಾ ಕೋಠಿ ಪೇಟೆಗೆ ಹೋಗಿದ್ದಾಳೆ. ನಾಲ್ಕು ಗಂಟೆ ನಡೆಯಿತು. ಸರಿ."

ಪುಟ ತಿರುವಿದಳು. ಅಲ್ಲೂ ಅದೇ.

"ಎಲ್ಲಾ ಸಾಲಿನ್ಯಾಗೂ ನಾನಽ ಅದೀನಲ್ರಿ."

"ಅದು ಸ್ಥಿತಿ. ದೋಷ ಅಲ್ಲ."

"ಗಣಿತದಾಗ ಇದಕ್ಕ ಕಾಮನ್ ಫ್ಯಾಕ್ಟರ್ ಅಂತಾರ," ಅಂದು ಅವಳು ನಕ್ಕಳು.

ಅವನೂ ನಗಬೇಕಾಗಿತ್ತು. ಅದು ನಗುವ ಮಾತೇ. ಆದರೆ ಅವನು ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡು, ಅವಳು ಹೇಳಿದ್ದು ಸರಿಯೇ ಎಂದು ಪರೀಕ್ಷಿಸುವವನಂತೆ ಸಾಲುಗಳನ್ನು ಮತ್ತೊಮ್ಮೆ ನೋಡಿದ. ಸರಿಯಾಗಿತ್ತು. ತಲೆಯೆತ್ತಿದಾಗ ಅವಳು ನಗುತ್ತಿರಲಿಲ್ಲ.

"ಮಜ್ಜಿಗಿ ಕುಡೀರಿ," ಅಂದು ಹೋದಳು.

ಮೂರು ಗಂಟೆಗೆ ಅವನು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸತೊಡಗಿದ. ಕೋಣೆಯ ಫ್ಯಾನು, ಹಾಲಿನ ಫ್ಯಾನು, ದೇವರ ಮುಂದಿನ ಸಣ್ಣ ಬಲ್ಬು, ನೀರಿನ ಫಿಲ್ಟರು, ಟೀವಿ. ಹಾಲಿನಲ್ಲಿದ್ದ ಹಳೇ ಫ್ರಿಜ್ಜು ಒಮ್ಮೆ ನಡುಗಿ ಮೌನವಾಯಿತು. ಮೇ ತಿಂಗಳ ಹೈದರಾಬಾದು. ಐದು ನಿಮಿಷಕ್ಕೆ ಗೋಡೆಗಳು ಕೂಡ ಬೆವೆತಂತೆ ಕಂಡವು.

"ಕೂಡು," ಅಂದ. "ಒಂದ್ ಸಲ ತಾಲೀಮ್ ಮಾಡಿ ನೋಡೂಣು."

ಸ್ನೇಹಲತಾ ಹೊಸ ಸೀರೆ ಉಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಕುತ್ತಿಗೆಯಿಂದ ಬೆವರಿಳಿಯುತ್ತಿತ್ತು.

"ಉಸಿರರ ಆಡಬಹುದೇನ್ರಿ?"

"ಮೌಸ್ ಸಾವಕಾಶ ಹಿಡಿ. ಒತ್ತಿ ಹಿಡೀಬ್ಯಾಡ."

"ನಮಸ್ತೆ ಮಕ್ಕಳೇ," ಅಂದಳು ಅವಳು ಪರದೆಗೆ. "ಇವತ್ತು ನಾವು..." ನಿಲ್ಲಿಸಿ ಅವನ ಕಡೆ ನೋಡಿದಳು. "ನೀವು ಹಂಗ ಎದಿ ಮ್ಯಾಲೆ ನಿಂತ್ರ ನನಗ ಅರ್ಧಾ ಮರೀತೈತಿ, ಪಾವೂ ಮರೀತೈತಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ಪೆಟ್ಟಿಗೆಯ ಹಸಿರು ದೀಪವನ್ನು. ನಾಲ್ಕು ನಿಮಿಷ. ಆರು. ಏಳನೇ ನಿಮಿಷಕ್ಕೆ ಅವಳು ಮರೆತು ನಕ್ಕಳು, ಕಾಣದ ಯಾವುದೋ ಮಗುವಿಗೆ. ಪರದೆ ನೀಲಿಯಾಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಎಲ್ಲಾ ಒಂದೊಂದಽ ತಗದು ನೋಡಿದ್ರಿ. ನಾನೊಬ್ಬಾಕಿ ಉಳದೀನಿ. ನನ್ನೂ ತಗದು ನೋಡ್ರಿ."

"ಹಂಗಲ್ಲ ಸ್ನೇಹಾ..."

ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಶಿವದೇವಿ ನಿಂತಿದ್ದಳು. ರಾಯಚೂರಿನವಳು, ಅರ್ಧ ಕನ್ನಡ ಅರ್ಧ ತೆಲುಗು.

"ಏನಿದು, ಕರೆಂಟ್ ಹೋಗೈತಾ? ನಮ್ಮ ಮನ್ಯಾಗ ಐತಲ್ಲಾ! ಅಕ್ಕಾ, ಲ್ಯಾಪ್‌ಟಾಪ್ ಫುಲ್ ಚಾರ್ಜ್ ಆಗೈತಿ, ಕೂಲರ್ ಮುಂದ ಮೇಜು ಹಾಕೀನಿ. ಟೈಮ್ ಅಯಿಪೋಯಿಂದಿ, ಹೊತ್ತಾತು, ಬಾ."

ಫುಲ್ ಚಾರ್ಜ್. ಹಾಗಾದರೆ ಬೆಳಿಗ್ಗೆಯೇ ಹೇಳಿಟ್ಟಿದ್ದಾಳೆ, ಎಂದುಕೊಂಡ ಕಾಶಿನಾಥ. ಸ್ನೇಹಲತಾ ಚಪ್ಪಲಿ ಮೆಟ್ಟಿದಳು. "ಬರ್ತೀನ್ರಿ," ಅಂದಳು, ಊರಿಗೆ ಹೊರಟವರ ಹಾಗೆ. ಬೀಗದ ಕೈ ಒಯ್ಯಲಿಲ್ಲ.

ಅವನು ಬಾಗಿಲು ಹಾಕಿ ಬಂದು ಯಂತ್ರ ಶುರು ಮಾಡಿದ. ಎರಡು ಗಂಟೆಯ ಪರೀಕ್ಷೆಗೆ ಹಚ್ಚಿದ. ಪರದೆಯ ಮೇಲೆ ಅಂಕಿಗಳು ಏರತೊಡಗಿದವು. ಪಕ್ಕದಲ್ಲಿ ದೋಷಗಳ ಸಂಖ್ಯೆ: ಸೊನ್ನೆ.

ಕಾಲು ಗಂಟೆ. ಸೊನ್ನೆ. ಅದೂ ಅವನಿಗೆ ಸಾಲದೆನಿಸಿತು. ಎದ್ದು, ಮಂಚದ ಮೇಲಿದ್ದ ತನ್ನ ಮೊಬೈಲು ಆರಿಸಿದ. ಇನ್ನೇನು ಉಳಿದಿದೆ ಎಂದು ಗೋಡೆಗಳನ್ನು ಹುಡುಕಿದ. ಬಾಗಿಲ ಮೇಲೆ ಕರೆಗಂಟೆಯ ಪುಟ್ಟ ಕೆಂಪು ದೀಪ ಕಂಡಿತು. ಸ್ಟೂಲು ಹತ್ತಿ ಅದರ ತಂತಿ ಬಿಡಿಸಿದ. ಬರಿಗಾಲಲ್ಲಿ ಬಂದು ಕುರ್ಚಿಯಲ್ಲಿ ಕೂತ.

ನೆಲದ ಕೆಳಗಿನಿಂದ ಅವಳ ದನಿ ಬರುತ್ತಿತ್ತು. ಶಬ್ದ ತಿಳಿಯದು, ಏರಿಳಿತ ಮಾತ್ರ. ಕೇಳುವುದು, ಕಾಯುವುದು, ಆಮೇಲೆ ಶಹಬ್ಬಾಸ್ ಅಂದಂತೆ ಒಂದು ಎತ್ತರದ ದನಿ. ಇಪ್ಪತ್ತು ವರ್ಷದಲ್ಲಿ ಈ ದನಿ ಅವನು ಕೇಳಿರಲಿಲ್ಲ. ಇದು ಅವಳದೇ ಹೌದೋ ಎಂದು ಕೂಡ ಒಂದು ಕ್ಷಣ ಅನುಮಾನವಾಯಿತು. ಅದು ಹನ್ನೊಂದು ನಿಮಿಷ ದಾಟಿತು. ಇಪ್ಪತ್ತು ದಾಟಿತು. ನಿಲ್ಲಲಿಲ್ಲ.

ಐದೂ ಮುಕ್ಕಾಲಾಯಿತು. ಇನ್ನು ಆರು ನಿಮಿಷಕ್ಕೆ ಪರೀಕ್ಷೆ ಮುಗಿಯಬೇಕು. ದೋಷ ಸೊನ್ನೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಬೇಗ ಬೇಗ ಮೇಲೆ ಬಂತು. ಬಾಗಿಲಾಚೆ ಕರೆಗಂಟೆಯ ಗುಂಡಿ ಟಕ್ ಅಂದಿತು. ಗಂಟೆ ಸದ್ದು ಮಾಡಲಿಲ್ಲ. ಮತ್ತೆ ಟಕ್.

"ಏನ್ರಿ! ತಗೊಂಡ್ರು ನನ್ನ! ಸೋಮವಾರದಿಂದ ಬಾ ಅಂದ್ರು! ತಗೀರಿ!"

ಅವನು ಎದ್ದೇಬಿಟ್ಟಿದ್ದ. ಕೈ ಕುರ್ಚಿಯ ಹಿಡಿಯ ಮೇಲಿತ್ತು. ಬಾಗಿಲು ತೆಗೆದರೆ ಅವಳು ಒಳಗೆ ಬರುತ್ತಾಳೆ. ಬಂದವಳು ನೇರ ಈ ಕೋಣೆಗೆ ಬರುತ್ತಾಳೆ, ಫ್ಯಾನು ಹಾಕುತ್ತಾಳೆ, ನಗುತ್ತಾಳೆ. ನಾಲ್ಕು ನಿಮಿಷ. ನಾಲ್ಕು ನಿಮಿಷ ಹೊರಗೆ ನಿಂತರೆ ಅವಳದೇನು ಹೋಗುತ್ತದೆ? ಆಮೇಲೆ ತೆಗೆದು, ನೋಡು, ಸರಿಯಾಯಿತು, ಅನ್ನಬಹುದು. ಇಬ್ಬರೂ ಒಂದೇ ದಿನ ಗೆದ್ದಂತೆ.

ಅವನು ಕುರ್ಚಿ ಕಿರುಗುಟ್ಟದಂತೆ ಮತ್ತೆ ಕೂತ.

"ಮಲಕ್ಕೊಂಡ್ರೇನು?" ಟಕ್. "ಏನ್ರಿ?" ದನಿಯ ಎತ್ತರ ಸ್ವಲ್ಪ ಇಳಿದಿತ್ತು.

ಹಾಲಿನಾಚೆ, ಹೊರಬಾಗಿಲ ಕೆಳಗಿನ ಬೆಳಕಿನ ಸಂದಿಯಲ್ಲಿ ಅವಳ ಪಾದಗಳ ಎರಡು ನೆರಳು ಕಾಣುತ್ತಿದ್ದವು. ಆರಿದ ಫ್ರಿಜ್ಜಿನಿಂದ, ಮಂಜು ಕರಗಿ, ಒಂದೆಳೆ ನೀರು ಹಾಲಿನ ನೆಲದುದ್ದಕ್ಕೂ ಹರಿದಿತ್ತು. ಅದು ಕಲ್ಲಿನ ಸಂದಿ ಹಿಡಿದು, ಆತುರವಿಲ್ಲದೆ, ಬಾಗಿಲ ತನಕ ಹೋಗಿ, ಅಡಿಯಿಂದ ನುಸುಳಿ ಆಚೆಗೆ ಇಳಿಯುವುದನ್ನು ಕಾಶಿನಾಥ ಅಲುಗಾಡದೆ ನೋಡಿದ.

ಎರಡು ನೆರಳೂ ಒಂದು ಹೆಜ್ಜೆ ಹಿಂದೆ ಸರಿದವು.