ಹರಿಪ್ರಸಾದರ ಎರಡನೆಯ ಚರಣ

ಪುತ್ತೂರಿನ ದರ್ಬೆಯಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವ ಹರಿಪ್ರಸಾದರಿಗೆ ಐವತ್ತೆರಡು ವರ್ಷ. ಅದರಲ್ಲಿ ಮೂವತ್ತು ವರ್ಷ ಅವರು ಹಾಡು ಬರೆಯುತ್ತಲೇ ಬಂದಿದ್ದರು. ಮಾತ್ರೆಯ ಖಾಲಿ ಪೆಟ್ಟಿಗೆಗಳನ್ನು ಬಿಡಿಸಿ, ಒಳಬದಿಯ ಬಿಳಿ ಭಾಗದಲ್ಲಿ ದುಂಡಗೆ ಬರೆದು, ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಿದ್ದರು. ಅವುಗಳಲ್ಲಿ ಒಂದನ್ನೂ ಇದುವರೆಗೆ ಯಾರೂ ಹಾಡಿರಲಿಲ್ಲ. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಒಂದೇ: ಕಾಲ ಕೆಟ್ಟಿದೆ.

ಅಜ್ಜಾವರದ ಡೊಂಬಯ್ಯ ಮಾಷ್ಟ್ರು ಬರೆಯುವುದನ್ನು ನಿಲ್ಲಿಸಿದ ಮೇಲೆ ಈ ಸೀಮೆಯಲ್ಲಿ ಹಾಡು ಎಂಬುದೇ ಹುಟ್ಟಿಲ್ಲ ಎಂದು ಅವರ ನಂಬಿಕೆ. ಮಾಷ್ಟ್ರು ಐವತ್ತು ವರ್ಷದ ಹಿಂದೆ ನಾಟಕಕ್ಕೂ ರೇಡಿಯೋಗೂ ಹಾಡು ಬರೆದವರು. ಅದರಲ್ಲಿ ಅರುವತ್ತು ಹಾಡು ಹರಿಪ್ರಸಾದರಿಗೆ ಬಾಯಿಪಾಠ. ಬಿಪಿ ಮಾತ್ರೆಗೆ ಬಂದವರು ಒಂದು ಪಲ್ಲವಿಯನ್ನಾದರೂ ಕೇಳಿಯೇ ಹೋಗಬೇಕಿತ್ತು. ಪೂರ್ತಿ ಹಾಡು ಕೇಳಿಸಿಕೊಂಡ ಕೆಲವರು ಮುಂದಿನ ತಿಂಗಳು ಎದುರಿನ ಅಂಗಡಿಗೆ ಹೋದದ್ದೂ ಉಂಟು.

ಕಡಬದಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಮಶೂದ್ ಎಂಬ ಯುವಕ ತನ್ನ ರಾಗಕ್ಕೆ ಸಾಹಿತ್ಯ ಬೇಕೆಂದು ವಾಟ್ಸಾಪಿನಲ್ಲಿ ಹಾಕಿದಾಗ, ಹರಿಪ್ರಸಾದರು ನಾಲ್ಕು ಹಾಡುಗಳನ್ನು ಕಳಿಸಿ, ಉತ್ತರ ಬರುವ ಮೊದಲೇ ಬಸ್ಸು ಹತ್ತಿ ಕಡಬಕ್ಕೆ ಹೋದರು.

ಮಶೂದ್ ಮರ್ಯಾದೆಯಿಂದ ಕೂರಿಸಿ ಚಹಾ ತರಿಸಿದ. ಆಮೇಲೆ ಫೋನು ತೆಗೆದು, "ಹರಿಯಣ್ಣ, ನಾಲ್ಕು ಹಾಡಲ್ಲಿ ಹನ್ನೊಂದು ಚಂದ್ರ ಉಂಟು. ನಾನು ಎರಡು ಸಲ ಲೆಕ್ಕ ಮಾಡಿದೆ" ಎಂದ.

"ಚಂದ್ರ ಇಲ್ಲದೆ ಪ್ರೇಮಗೀತೆ ಹೇಗೆ ಬರಿಯುದು ಮಾರಾಯ?"

"ಇದು ನೋಡಿ. 'ಚಂದ್ರಿಕೆಯ ಚಾದರದಿ ಚೆಲುವೆ ನೀ ಬಂದೆ.' ಪುತ್ತೂರಿನ ಸೆಕೆಗೆ ಅವಳು ಚಾದರ ಯಾಕೆ ಹೊದ್ದುಕೊಂಡದ್ದು?"

ಹರಿಪ್ರಸಾದರ ಮುಖ ಕೆಂಪೇರಿತು. "ಡೊಂಬಯ್ಯ ಮಾಷ್ಟ್ರು ಬರೆದದ್ದೂ ಹೀಗೇ. ಅವರನ್ನು ತಪ್ಪು ಅಂತ ಹೇಳ್ತೀಯಾ?"

"ನಾನೆಂತಕ್ಕೆ ಹೇಳುದು? ಅವರು ಇದ್ದಾರಲ್ಲ, ಅವರ ಹತ್ರವೇ ಕೇಳುವ."

ಇದು ಹರಿಪ್ರಸಾದರಿಗೆ ಈವರೆಗೆ ಹೊಳೆದೇ ಇರಲಿಲ್ಲ. ದರ್ಬೆಯಿಂದ ಅಜ್ಜಾವರಕ್ಕೆ ಒಂದು ಗಂಟೆಯ ದಾರಿ. ಆದರೂ ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೋದವರಲ್ಲ. ದೇವರ ಮನೆಗೆ ಹೀಗೆ ಬೆಲ್ ಒತ್ತಿ ಹೋಗಲಿಕ್ಕಾಗುತ್ತದೆಯೇ?

ಮುಂದಿನ ಭಾನುವಾರ ಮಶೂದನ ಕಾರಿನಲ್ಲಿ ಹೋದರು. ಹರಿಪ್ರಸಾದರು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಮತ್ತು ಅಂಗಡಿಯಿಂದ ಒಳ್ಳೆಯದೊಂದು ಮೊಣಕಾಲಿನ ಎಣ್ಣೆ ಹಿಡಿದುಕೊಂಡಿದ್ದರು. ಬಾಗಿಲು ತೆರೆದದ್ದು ಮಾಷ್ಟ್ರ ಸೊಸೆ ಪೂವಮ್ಮ.

"ಮಾವ ಹಾಡು ಬರೀತಾ ಇದ್ದಾರೆ. ಸ್ವಲ್ಪ ಕೂತ್ಕೊಳ್ಳಿ. ಈಗ ಮಾತಾಡ್ಸಿದ್ರೆ ಬೈಗುಳ ಸಿಗ್ತದೆ" ಎಂದರು.

ಹರಿಪ್ರಸಾದರ ಎದೆ ಉಬ್ಬಿತು. ಮಾಷ್ಟ್ರು ಬರೆಯುವುದನ್ನು ನಿಲ್ಲಿಸಿಲ್ಲ. ಅರ್ಧ ಗಂಟೆಯ ಮೇಲೆ ಒಳಗಿನಿಂದ ಬಂದವರು ಎಂಬತ್ತೆಂಟರ ತೆಳ್ಳಗಿನ ಮುದುಕರು. ಕೊರಳಲ್ಲಿ ದೊಡ್ಡ ಹೆಡ್‌ಫೋನ್ ನೇತಾಡುತ್ತಿತ್ತು. ಅದರಿಂದ ಯಾರೋ ಹುಡುಗನೊಬ್ಬ ಉಸಿರು ಬಿಡದೆ ಮಾತಿನಲ್ಲೇ ಹಾಡುತ್ತಿದ್ದುದು ಹೊರಗೂ ಕೇಳಿಸುತ್ತಿತ್ತು.

ಶಾಲು ಹೊದಿಸಿದ ಹರಿಪ್ರಸಾದರು ತಡೆಯಲಾರದೆ ಮಾಷ್ಟ್ರದೇ ಹಾಡೊಂದನ್ನು ಕಣ್ಣು ಮುಚ್ಚಿ ಹಾಡಿದರು. ಮೂರು ಚರಣ. ಮಾಷ್ಟ್ರು ತಲೆದೂಗಿದರು.

"ಚಂದ ಉಂಟು. ಸ್ವಲ್ಪ ಉದ್ದ ಆಯಿತು. ಯಾರದ್ದು?"

"ನಿಮ್ಮದೇ ಮಾಷ್ಟ್ರೆ."

"ಹೌದಾ?" ಮಾಷ್ಟ್ರು ಪೂವಮ್ಮನ ಕಡೆ ನೋಡಿದರು. ಆಕೆ ಹೌದೆಂದು ಸನ್ನೆ ಮಾಡಿದರು. "ಹಾಗಾದ್ರೆ ಎರಡನೇ ಚರಣ ತೆಗೀಬಹುದಿತ್ತು."

ಮಶೂದ್ ನಗು ಅಡಗಿಸಲು ಕೆಮ್ಮಿದ. "ಮಾಷ್ಟ್ರೆ, ನಿಮ್ಮ ಹಾಡಲ್ಲಿ ಅಷ್ಟು ಚಂದ್ರ ಯಾಕೆ ಅಂತ ಕೇಳ್ಲಿಕ್ಕೆ ಬಂದದ್ದು ನಾವು."

"ಅದಾ. ನಾಟಕದ ಹಾರ್ಮೋನಿಯಂನವನಿಗೆ ಆ ಶಬ್ದ ಇಷ್ಟ. 'ಚಂದ್ರಾ' ಅಂತ ಎಳೆದು, ಹಾಗೇ ಒಂದು ಬೀಡಿ ಹಚ್ಚಿಕೊಳ್ತಿದ್ದ. ಬೇರೆ ಹಾಕಿದ್ರೆ ನುಡಿಸ್ತಿರಲಿಲ್ಲ." ಮಾಷ್ಟ್ರು ಕುರ್ಚಿಗೆ ಒರಗಿದರು. "ನಾನು ಚಂದ್ರನನ್ನು ನೋಡಿದ್ದು ಕಡಿಮೆ. ಎಂಟು ಗಂಟೆಗೆ ಮಲಗುವ ಜನ."

ಹರಿಪ್ರಸಾದರು ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ ಹಾಳೆಯನ್ನು ಸುಮ್ಮನೆ ಸರಿಮಾಡಿದರು. ಅವರ ಪೆಚ್ಚುಮುಖ ನೋಡಿ ಮಾಷ್ಟ್ರು, "ನಿಮ್ಮದೊಂದು ಓದಿ" ಎಂದರು. ಚಾದರದ ಹಾಡನ್ನು ಓದಿದ್ದಾಯಿತು.

"ಇದು ನಾನು ಬರೆದದ್ದೇ ಅಂತ ಅನ್ನಿಸ್ತದೆ" ಎಂದರು ಮಾಷ್ಟ್ರು. ಹರಿಪ್ರಸಾದರ ಮುಖ ಅರಳುವಷ್ಟರಲ್ಲಿ, "ಅದೇ ತೊಂದ್ರೆ. ನಾನು ಒಬ್ಬ ಬರೆದಾಯ್ತಲ್ಲ" ಎಂದು ಸೇರಿಸಿ, ತಾವು ಈಗಷ್ಟೇ ಬರೆದ ಹಾಳೆಯನ್ನು ತೆಗೆದು ಮೊಣಕಾಲಿನ ಮೇಲೆ ತಾಳ ಹಾಕುತ್ತ ಓದತೊಡಗಿದರು:

"ಮುಖ ತೋರ್ಸು ಅಂತದೆ ಫೋನು,
ಹಲ್ಲು ಹಾಕ್ಕೊಂಡು ಬಂದೆ ನಾನು,
ಗುರ್ತ ಸಿಗ್ಲಿಲ್ಲ ಅಂತದೆ ಅದು,
ಕನ್ನಡಿ ಸಹ ಮೊನ್ನೆ ಹೇಳಿದ್ದು ಅದು."

ಮಶೂದ್ ಎದ್ದು ನಿಂತ. "ಮಾಷ್ಟ್ರೆ, ಇದು ನನಗೆ ಕೊಡಿ. ನನ್ನ ರಾಗಕ್ಕೆ ಕೂತ ಹಾಗೇ ಉಂಟು."

ಹರಿಪ್ರಸಾದರು ತಮ್ಮ ಹಾಡನ್ನು ಮಡಚಿ ಜೇಬಿಗಿಟ್ಟರು. ತನ್ನ ಪರ ಸಾಕ್ಷಿಗೆಂದು ತಾನೇ ಹುಡುಕಿಕೊಂಡು ಬಂದ ದೇವರು, ತನಗೆ ಸಿಗಬೇಕಿದ್ದ ಅವಕಾಶವನ್ನೇ ಎತ್ತಿಕೊಂಡಿದ್ದರು. ಅದೂ ಈಗಿನ ಹುಡುಗರ ಹಾಡು ಕೇಳಿ ಕಲಿತು.

"ಕೊಡ್ತೇನೆ. ಆದ್ರೆ ಒಂದೇ ಚರಣ ಆದದ್ದು" ಎಂದರು ಮಾಷ್ಟ್ರು. "ಮನೆಯೊಳಗೇ ಕೂತವನಿಗೆ ಎರಡನೆಯದು ಎಲ್ಲಿಂದ ಬರ್ಬೇಕು? ನೀವು ಮೆಡಿಕಲ್‌ನವರಲ್ಲವಾ? ಜನ ಬಂದು ಎಂತ ಹೇಳ್ತಾರೆ ಅಲ್ಲಿ?"

"ಎಂತ ಹೇಳುದು? ಕೆಂಪು ಮಾತ್ರೆ ಕೊಡಿ ಅಂತಾರೆ. ಹೆಸರು ಯಾರಿಗೂ ಗೊತ್ತಿಲ್ಲ" ಎಂದರು ಹರಿಪ್ರಸಾದರು, ಬೇಸರದಲ್ಲೇ.

"ಮತ್ತೆ?"

"ಒಬ್ರು ಪೋಕರ್ ಬ್ಯಾರಿ ಅಂತ ಇದ್ದಾರೆ. ಪ್ರತಿ ತಿಂಗಳೂ ಹೆಂಡತಿಗೆ ಮಾತ್ರೆ ತಕೊಂಡು ಹೋಗುದು. ಪ್ರತಿ ಸಲವೂ 'ಕಹಿ ಉಂಟಾ' ಅಂತ ಕೇಳ್ತಾರೆ. ಹೌದು ಅಂದ್ರೆ ನಂಬುದಿಲ್ಲ. ಅಲ್ಲೇ ಒಂದು ಬಿಡಿಸಿ ನೆಕ್ಕಿ ನೋಡ್ತಾರೆ. ಆಮೇಲೆ ಹೆಂಡತಿಗೆ ಫೋನು ಮಾಡಿ, ಈ ಸಲದ್ದು ಸಿಹಿ ಉಂಟು ಅಂತ ಹೇಳ್ತಾರೆ."

ಮಾಷ್ಟ್ರು ಪೆನ್ನನ್ನು ಹರಿಪ್ರಸಾದರ ಕಡೆ ಚಾಚಿದರು. "ಬರೀರಿ. ಹೇಳಿದ ಹಾಗೇ ಬರೀರಿ. ಚಂದ ಮಾಡ್ಲಿಕ್ಕೆ ಹೋಗ್ಬೇಡಿ."

ಹರಿಪ್ರಸಾದರು ಬರೆದರು. ಎರಡು ಸಲ ಹೊಡೆದು ಹಾಕಿದರು. ಒಮ್ಮೆ 'ಅಮೃತ' ಎಂದು ಬರೆದಾಗ ಮಾಷ್ಟ್ರು ಇಣುಕಿ ನೋಡಿ ನಾಲಿಗೆ ಲೊಚಗುಟ್ಟಿದರು. ಪೂವಮ್ಮ ತಂದಿಟ್ಟ ಕಾಫಿ ಆರಿಹೋಯಿತು. ಕೊನೆಗೆ ಉಳಿದದ್ದು ಇಷ್ಟು:

"ಅವಳ ಮಾತ್ರೆ ತರ್ಲಿಕ್ಕೆ ಹೋದೆ,
ಕಹಿ ಉಂಟಾ ಅಂತ ಕೇಳಿಯೇ ಬಂದೆ,
ಅವಳಿಗಿಂತ ಮೊದಲು ನಾನೇ ನೆಕ್ಕಿದೆ,
ಸಿಹಿ ಅಂತ ಒಂದು ಸುಳ್ಳು ಹೇಳಿದೆ."

ಮಶೂದ್ ಅದನ್ನು ಎರಡು ಸಲ ಗುನುಗಿ ನೋಡಿದ. ಆಮೇಲೆ ಫೋನಿನಲ್ಲಿ ಫೋಟೋ ತೆಗೆದುಕೊಂಡ. ಹರಿಪ್ರಸಾದರಿಗೆ ಅಷ್ಟೇ ಸಾಕಾಯಿತು.

ಹಾಡು ತಿಂಗಳೊಳಗೆ ಯೂಟ್ಯೂಬಿಗೆ ಬಂತು. 'ಸಾಹಿತ್ಯ: ಡೊಂಬಯ್ಯ, ಹರಿಪ್ರಸಾದ್' ಎಂದಿತ್ತು, ಊರು ವಯಸ್ಸು ಯಾವುದೂ ಇಲ್ಲದೆ. ಒಂದು ವಾರದಲ್ಲಿ ನಾಲ್ಕು ಸಾವಿರ ಜನ ನೋಡಿದರು. ಬೆಟ್ಟಂಪಾಡಿಯವರೊಬ್ಬರು ಕೆಳಗೆ ಉದ್ದಕ್ಕೆ ಬರೆದಿದ್ದರು: 'ಮೊದಲ ಚರಣ ಬರೆದ ಹುಡುಗನಿಗೆ ಒಳ್ಳೆಯ ಭವಿಷ್ಯವಿದೆ. ಆದರೆ ಎರಡನೆಯದರಲ್ಲಿ ಪಳಗಿದ ಹಳೆಯ ಕೈ ಕಾಣುತ್ತದೆ. ಇಂಥ ಹಿರಿಯರಿಂದ ಯುವಕರು ಕಲಿಯಬೇಕು.'

ಹರಿಪ್ರಸಾದರು ಅದನ್ನು ಅಂಗಡಿಯಲ್ಲಿ ನಿಂತು ನಾಲ್ಕು ಸಲ ಓದಿದರು. ತಿದ್ದುಪಡಿ ಬರೆಯಬೇಕೆಂದು ಅರ್ಧ ವಾಕ್ಯ ಟೈಪ್ ಮಾಡಿದರು. ಅಷ್ಟರಲ್ಲಿ ಮಾಷ್ಟ್ರ ಫೋನು ಬಂತು.

"ಓದಿದಿರಾ? ನನಗೆ ಭವಿಷ್ಯ ಉಂಟಂತೆ" ಎಂದರು ಆ ಕಡೆಯಿಂದ. ದನಿಯಲ್ಲಿ ಹುಡುಗನ ಉತ್ಸಾಹವೇ ಇತ್ತು. "ನೀವು ಎಂತದ್ದೂ ಉತ್ತರ ಕೊಡ್ಬೇಡಿ ಅಲ್ಲಿ. ಹಾಗೇ ಇರ್ಲಿ. ಇವತ್ತು ಯಾರೆಲ್ಲ ಬಂದಿದ್ರು ಅಂಗಡಿಗೆ? ಹೇಳಿ, ನಾನು ಪೆನ್ನು ಹಿಡ್ಕೊಂಡೇ ಇದ್ದೇನೆ."

ಹರಿಪ್ರಸಾದರು ಬಾಗಿಲ ಕಡೆ ನೋಡಿದರು. ಮೊಮ್ಮಗಳ ಕೈ ಹಿಡಿದು ಒಬ್ಬಾಕೆ ಮೆಟ್ಟಿಲು ಹತ್ತುತ್ತಿದ್ದಳು.

"ಒಬ್ರು ಬರ್ತಾ ಇದ್ದಾರೆ. ಆದ್ರೆ ಇದು ನಿಮಗಲ್ಲ ಮಾಷ್ಟ್ರೆ" ಎಂದರು ಅವರು. "ಇದನ್ನು ನಾನೇ ಇಟ್ಟುಕೊಳ್ತೇನೆ." ಫೋನನ್ನು ಮೇಜಿನ ಮೇಲಿಟ್ಟು, ಏನು ಬೇಕೆಂದು ಆಕೆಯನ್ನು ಕೇಳಿದರು.