ಅರವತ್ತೊಂಬತ್ತನೆಯದು

ಯಾರದೋ ಟವೆಲ್, ಕಿಟಕಿ ಪಕ್ಕದ ಸೀಟಿನ ಮೇಲೆ, ನೀಲಿ ಅಂಚಿನದು, ಒಂದು ತುದಿ ಒದ್ದೆ — ಮುಖ ತೊಳೆದು ಒರೆಸಿಕೊಂಡು, ಕಿಟಕಿಯಿಂದ ಒಳಗೆಸೆದು, ಟೀ ಕುಡಿಯಲು ಹೋಗಿರಬೇಕು ಪುಣ್ಯಾತ್ಮ, ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇದೇನು ಹೊಸದಲ್ಲ, ಟವೆಲ್ ಕೂತಿದೆ ಅಂದರೆ ಮನುಷ್ಯ ಕೂತಿದ್ದಾನೆ ಅಂತಲೇ ಲೆಕ್ಕ, ಅದನ್ನೆತ್ತಿ ಪಕ್ಕಕ್ಕಿಟ್ಟು ಕೂತವನ ಜನ್ಮ ಜಾಲಾಡಿಬಿಡುತ್ತಾರೆ, ಅದಕ್ಕೇ ರಾಜಣ್ಣ ನಿಂತೇ ಇದ್ದಾನೆ, ಬ್ಯಾಗು ಎದೆಗವಚಿಕೊಂಡು, ಮೊಳಕಾಲ್ಮೂರು ಬಸ್ಸು ಗಡಗಡ ನಡುಗುತ್ತಿದೆ, ಮುಂದಿನ ಸೀಟುಗಳಲ್ಲಿ ತಲೆಗಳು, ಒಂದು ಬೋಳು, ಒಂದು ಮಲ್ಲಿಗೆ ಮುಡಿದದ್ದು, ಒಂದು, ಎರಡು, ಮೂರು — ಬೇಡ, ಎಣಿಸಬೇಡ, ಹೊರಗೆ ನೋಡು. ಬಸ್ಸು ಹೊರಟಿತು, ಟವೆಲ್ಲಿನ ಯಜಮಾನ ಬರಲಿಲ್ಲ. ಕಂಡಕ್ಟರು ಬಂದ, ಯಾರ್ದ್ರೀ ಇದು ಟವೆಲ್ಲು, ಮುಂದಿನ ತಲೆಗಳು ತಿರುಗಿ ನೋಡಿ ಮತ್ತೆ ಮುಂದಕ್ಕೆ ಹೊರಳಿದವು, ಕೂತ್ಕಳ್ರಿ ಮೇಷ್ಟ್ರೆ, ಅವ್ನೆಲ್ಲೋ ಟೀ ಕುಡೀತಾ ಉಳ್ಕಂಡ, ಇಲ್ಲ ಬಿಡ್ರಿ ಬರ್ತಾನೆ ಅಂದ ರಾಜಣ್ಣ, ಓಡೋ ಬಸ್ಸಿಗೆ ಎಲ್ಲಿಂದ ಬರ್ತಾನ್ರೀ ಅಂತ ಕಂಡಕ್ಟರು ನಕ್ಕ. ಯಾರದು ಇದು — ಅವತ್ತೂ ಹೀಗೇ ಯಾರೋ ಕೇಳಿದ್ದರು, ಈ ನೀಲಿ ಅಂಚನ್ನೇ ಎರಡು ಬೆರಳಲ್ಲಿ ಎತ್ತಿ ಹಿಡಿದು, ದೋಣಿ ದಡ ಮುಟ್ಟಿದ ಮೇಲೆ. ಇದೇ ಟವೆಲ್ಲೇನಲ್ಲ, ಆ ಟವೆಲ್ಲು ಬ್ಯಾಗಿನೊಳಗಿದೆ, ಪ್ಲಾಸ್ಟಿಕ್ ಚೀಲದಲ್ಲಿ, ನಾಲ್ಕು ವರ್ಷದಿಂದ ಒಗೆಯದೆ, ಇವತ್ತು ಅದನ್ನು ಅದರ ಯಜಮಾನನ ಅವ್ವ ಕಾಟಮ್ಮನ ಕೈಗೆ ಕೊಡಬೇಕು, ಟವೆಲ್ಲಿನ ಜೊತೆಗೆ ಮಾತನ್ನೂ ಕೊಡಬೇಕು. ತಳಕಿನಲ್ಲಿ ಯಾರಾದರೂ ಇಳಿದು ಸೀಟು ಬಿಡುತ್ತಾರೆ, ಅಲ್ಲಿಯವರೆಗೂ ನಿಂತೇ ಹೋದರಾಯಿತು.

ಹೋಗುತ್ತಿರಲಿಲ್ಲ ಅವನು, ಇನ್ನೂ ನಾಲ್ಕು ವರ್ಷ ಬೇಕಾದರೂ ಹೋಗುತ್ತಿರಲಿಲ್ಲ, ಆ ಹುಡುಗಿ ಆ ಸೀಸೆ ಎತ್ತದಿದ್ದರೆ. ಕಾಲೇಜಿನ ಲ್ಯಾಬಿನಲ್ಲಿ ಮೊನ್ನೆ ಸೋಮವಾರ, ಮೊದಲ ವರ್ಷದ ಬಿಎಸ್ಸಿ, ಕಂಟಕಚರ್ಮಿಗಳ ಪಾಠ, ಪಾಪ ಇವರಾರೂ ಕಡಲು ಕಂಡವರಲ್ಲ, ವೇದಾವತಿಯಲ್ಲಿ ನೀರು ಕಂಡರೇ ಹಬ್ಬ, ಅಂಥವರ ಮುಂದೆ ಐದು ಬಗೆ ಹೇಳುವುದು, ನಕ್ಷತ್ರಮೀನು, ನಾಗರನಕ್ಷತ್ರ, ಮುಳ್ಳುಚೆಂಡು, ಕಡಲಸೌತೆ, ಗರಿನಕ್ಷತ್ರ, ಎಲ್ಲಕ್ಕೂ ಮೈಯೆಲ್ಲ ಐದರ ಲೆಕ್ಕ, ಒಂದು ಕೈ ಹೋದರೆ ಇನ್ನೊಂದು ಕೈ ಬೆಳೆಯುತ್ತದೆ ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನಿಂದ, ಸಾರ್ ಅದಕ್ಕೆ ಗೊತ್ತಾಗ್ತೈತಾ, ಒಂದು ಕೈ ಇಲ್ಲ ಅಂತ? ತಿರುಗಿದರೆ ರಶ್ಮಿತಾ, ಮೊಳಕಾಲ್ಮೂರಿನ ಹುಡುಗಿ, ಕಾಟಮ್ಮನ ಮಗಳು, ಅಣ್ಣನದೇ ಹುಬ್ಬು, ಹಾಜರಿ ಕೂಗುವಾಗ ಆ ಹೆಸರಿನ ಹತ್ತಿರ ಬಂದರೆ ಇವನ ದನಿ ಇಳಿಯುತ್ತಿತ್ತು, ಮುಖ ನೋಡುತ್ತಿರಲಿಲ್ಲ. ಅವಳ ಕೈಯಲ್ಲಿ ಆ ಸೀಸೆ. ಕಪಾಟಿನ ಹಿಂದೆ, ಸ್ಪಿರಿಟ್ಟಿನಲ್ಲಿ, ಹೆಬ್ಬೆರಳಿನಷ್ಟು ನಾಗರನಕ್ಷತ್ರ, ಎಳೆಯಂಥ ನಾಲ್ಕು ಕೈ, ಐದನೆಯದು ಬುಡದಲ್ಲೇ ಮುರಿದದ್ದು, ಎಲ್ಲಾಕೂ ಚೀಟಿ ಐತೆ ಸಾರ್, ಇದಕ್ಕೆ ಯಾಕಿಲ್ಲ ಹೆಸರು? ಇವನು ಸೀಸೆ ಕಿತ್ತುಕೊಂಡ, ಮೇಷ್ಟ್ರು ಹಾಗೆ ಕಿತ್ತುಕೊಳ್ಳಬಾರದಿತ್ತು, ಹುಡುಗಿ ಬೆಚ್ಚಿಬಿದ್ದಳು. ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು, ಸಾರ್, ನೀವು ನಮ್ಮಣ್ಣನ ಜೊತೇಲಿದ್ರಂತೆ, ಅವನು ಯಾರ್ಗೂ ಹೇಳ್ದೆ ಇನ್ನೊಂದ್ಸಲ ನೀರಿಗಿಳಿದ್ನಂತಲ್ಲ, ಅದು ಖರೇನಾ, ಅವ್ವ ನಿಮ್ಮನ್ನ ಒಂದ್ಸಲ ಕರ್ಕಂಡ್ ಬಾ ಅಂದೈತೆ. ಬರ್ತೀನಮ್ಮ ಭಾನುವಾರ, ಅಂದುಬಿಟ್ಟ. ನಾಲಿಗೆ ಹೇಗೆ ಹೊರಳಿತೋ ದೇವರಿಗೇ ಗೊತ್ತು.

ಕಿರಣ್‌ಕುಮಾರ. ರಶ್ಮಿತಾಳ ಅಣ್ಣ, ನೇಯ್ಗೆಯವರ ಮಗ, ರಾಜಣ್ಣ ನನ್ನಿವಾಳದ ಕುರಿಯವರ ಮಗ, ಒಂದೇ ಕಾಲೇಜು, ಒಂದೇ ಬೆಂಚು, ಇಬ್ಬರೂ ಕಡಲನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದವರು, ತೊಂಬತ್ತೊಂಬತ್ತರಲ್ಲಿ ಒಟ್ಟಿಗೇ ಸರ್ವೆ ಕೆಲಸಕ್ಕೆ ಸೇರಿ ಮನ್ನಾರ್ ಕೊಲ್ಲಿಗೆ ಹೋದರು, ರಕ್ಷಿತ ಕಡಲಂತೆ, ಅಲ್ಲಿ ಯಾರೂ ಬಲೆ ಬೀಸುವಂತಿಲ್ಲ, ಹವಳದ ಕಲ್ಲು ಮುಟ್ಟುವಂತಿಲ್ಲ, ಇವರು ಮಾತ್ರ ಇಳಿದು, ಚೌಕಟ್ಟು ಹಾಸಿ, ಅದರೊಳಗೆ ಯಾವ್ಯಾವ ಜಾತಿ ಎಷ್ಟೆಷ್ಟು ಅಂತ ಬರೆಯಬೇಕು. ಮೊದಲ ದಿನ ಮುಖವಾಡ ಹಾಕಿ ತಲೆ ಮುಳುಗಿಸಿದ್ದು — ಅಬ್ಬಾ, ಸೊಂಟದಷ್ಟು ನೀರಿನ ಕೆಳಗೆ ಒಂದು ಸಂತೆಯೇ ನೆರೆದಿತ್ತು, ಲ್ಯಾಟಿನ್ ಹೆಸರು ಇವನು ಬರೆದುಕೊಂಡ, ಊರ ಹೆಸರು ಕಿರಣ ಇಟ್ಟ, ಕೆಂಪು ಗುಬ್ಬಿಗಳ ದಪ್ಪ ನಕ್ಷತ್ರಮೀನು ಕುಂಕುಮದವಳು, ಮರಳಲ್ಲಿ ಹುದುಗಿದ ಚಪ್ಪಟೆ ಮುಳ್ಳುಚೆಂಡು ನಿಪ್ಪಟ್ಟು, ಉದ್ದ ಮುಳ್ಳಿನ ಕರಿಯದು ಜಾಲಿ, ಹವಳದ ತುದಿಯಲ್ಲಿ ಕೂತು ತೂಗುವ ಗರಿನಕ್ಷತ್ರ ಚಾಮರ, ಕಡಲಸೌತೆ ನೋಡಿ ನೀರೊಳಗೇ ನಕ್ಕು ಉಪ್ಪುನೀರು ಕುಡಿದ, ಲೇ ರಾಜ, ಇದು ನಮ್ಮವ್ವನ ಲಾಳಿ ಕಣೋ, ಮಗ್ಗದಿಂದ ಬಿದ್ದು ಇಲ್ಲಿಗ್ ಬಂದೈತೆ. ಸಂಜೆ ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆಯುತ್ತಿದ್ದ, ಸೀರೆಯ ಬುಟ್ಟಾ ಬರೆಯುವಂತೆ ಚೌಕ ತುಂಬುತ್ತ, ನಾಲ್ಕು ಕೈಯಾದ್ರೆ ಕೂರ್ತೈತೆ, ಎಂಟಾದ್ರೂ ಕೂರ್ತೈತೆ, ಈ ಐದು ಮಾತ್ರ ಚೌಕದಾಗೆ ಕೂರಲ್ಲ ನೋಡು, ಒಂದು ಕೈ ಯಾವಾಗ್ಲೂ ಸೊಟ್ಟ, ಆದರೂ ಅವ್ವಂಗೆ ಕಳಿಸ್ತೀನಿ, ಅವಳು ನೇಯ್ತಾಳೆ. ಬಸ್ಸು ಕುಲುಕಿತು. ಟವೆಲ್ಲು ಸೀಟಿನ ಅಂಚಿಗೆ ಜಾರಿದೆ, ಬೀಳಲೂ ಇಲ್ಲ, ಸರಿಯಾಗಿ ಕೂರಲೂ ಇಲ್ಲ, ಯಾರಾದರೂ ಎತ್ತಿಡಬಾರದೇ.

ಎಣಿಕೆ, ಅದೇ ಎಣಿಕೆ ಇವನ ಕೊರಳಿಗೆ ಬಿದ್ದದ್ದು. ವರವು ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಿ ಹೊತ್ತಿಳಿಯುವಾಗ ಹಟ್ಟಿಗೆ ಹೊಡೆದುಕೊಂಡು ಬಂದರೆ ಅವ್ವ ಜುಂಜಮ್ಮ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತಿರುತ್ತಾಳೆ, ಒಂದೊಂದೇ ಕುರಿ ಅವಳ ಮೊಣಕಾಲು ಸವರಿಕೊಂಡು ಒಳಗೆ ಹೋಗುತ್ತದೆ, ಎಷ್ಟವ್ವ ಅಂದರೆ ಅರವತ್ತೆಂಟು ಅನ್ನುತ್ತಾಳೆ, ಇರುವುದು ಅರವತ್ತೊಂಬತ್ತು, ಕಣ್ಣು ಪೂರಾ ಎಣಿಸ್ಬೇಕು ಮಗ, ಬಾಯಿ ಒಂದು ಬಿಡ್ಬೇಕು, ಪೂರಾ ಹೇಳಿದ್ರೆ ದಿಟ್ಟಿ ತಾಕ್ತೈತೆ, ಅದೊಂದು ದೇವ್ರಿಗೆ. ಪ್ರಾಣಿಶಾಸ್ತ್ರ ಓದಿದರೂ ಅದು ಹೋಗಲಿಲ್ಲ, ಬೇಕಾದಷ್ಟು ಪುಸ್ತಕ ಓದಿಸಿ ನೋಡಿ, ಅವ್ವ ಬಾಯಿಗೆ ಹಾಕಿದ್ದು ಎಲ್ಲಿ ಹೋಗುತ್ತದೆ. ದೋಣಿಯಲ್ಲಿ ಸರ್ವೆಯವರು ಏಳು ಜನ, ಕುರಿಯವರ ಮಗ ಅಲ್ವಾ, ತಲೆ ಎಣಿಸೋದು ಅವನಿಗೇ ಬಿಡಿ ಅಂತ ಹಿರಿಯರು ತಮಾಷೆಗೆ ವಹಿಸಿದ್ದು ನಿಜವಾಗಿ ಕೂತಿತು, ನೀರಿನಿಂದ ಎಲ್ಲರೂ ಹತ್ತಿದ ಮೇಲೆ ಇವನು ಎಣಿಸಿ ಗಟ್ಟಿಯಾಗಿ ಆರು ಅನ್ನುತ್ತಿದ್ದ, ಮೊದಲ ದಿನ ಗಾಬರಿಯಾಗಿ ಎಲ್ಲರೂ ಮತ್ತೆ ಎಣಿಸಿಕೊಂಡರು, ಏಳೇ ಇದ್ದರು, ವಿಷಯ ತಿಳಿದು ಬಿದ್ದು ಬಿದ್ದು ನಕ್ಕರು, ಆಮೇಲೆ ಅದೇ ರೂಢಿಯಾಯಿತು, ರಾಜಣ್ಣ ಆರು ಅಂದ ಅಂದರೆ ಎಲ್ಲರೂ ಇದ್ದಾರೆ, ದೋಣಿಯವನೂ ಆರು ಕೇಳಿಯೇ ಇಂಜಿನ್ನಿನ ಹಗ್ಗ ಎಳೆಯುತ್ತಿದ್ದ. ದೇವ್ರ ಪಾಲು ನಾನೇ ಕಣೋ ಅನ್ನುತ್ತಿದ್ದ ಕಿರಣ, ಹಲ್ಲು ಬಿಟ್ಟುಕೊಂಡು. ಹೇಳಬಾರದಿತ್ತು ಅವನು ಆ ಮಾತು.

ಮೋಡ ಕಟ್ಟಿತ್ತು ಅವತ್ತು, ನೀರು ಬೂದಿಬಣ್ಣಕ್ಕೆ ತಿರುಗಿತ್ತು, ಬೇಗ ಬೇಗ ಅಂತ ದೋಣಿಯವನು ಕೂಗುತ್ತಿದ್ದ, ರಾಜಣ್ಣ ದೋಣಿಯ ಮೂಲೆಯಲ್ಲಿ ಕೂತು ಪಟ್ಟಿ ಬರೆಯುತ್ತಿದ್ದಾನೆ, ಅರವತ್ತೆಂಟು ಜಾತಿ, ಒಂದೇ ರಕ್ಷಿತ ಪ್ರದೇಶದಲ್ಲಿ ಅರವತ್ತೆಂಟು, ಖುಷಿಗೆ ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದಾನೆ, ಹಿಂದೆ ದೋಣಿಯ ಅಂಚು ಹಿಡಿದು ನೀರಿನಿಂದಲೇ ಕಿರಣ, ಲೇ ರಾಜ, ಆ ಕಲ್ಲಡಿ ಒಂದೈತೆ, ಪಟ್ಟಿಯಾಗಿಲ್ಲ ಅದು, ರೇಷ್ಮೆ ಎಳೆಯಂಗೆ ಕೈ, ತಂದುಬಿಡ್ತೀನಿ ಇರು, ಹೂಂ — ಹೂಂ ಅಂದ ಇವನು, ತಲೆ ಎತ್ತಲಿಲ್ಲ, ಒಂದು ಕಾಗುಣಿತ ಸರಿ ಮಾಡುತ್ತಿದ್ದ. ಆಮೇಲೆ ಗಾಳಿ, ಹತ್ತಿ ಹತ್ತಿ, ಎಲ್ಲರೂ ಹತ್ತಿದರು, ಎಣಿಸಪ್ಪ ರಾಜಣ್ಣ, ಎಣಿಸಿದ, ಒದ್ದೆ ತಲೆಗಳು, ತನ್ನನ್ನೂ ಸೇರಿಸಿ ಒಂದು ಎರಡು ಮೂರು ನಾಲ್ಕು ಐದು ಆರು, ಮತ್ತೆ ಕಿರಣನ ಜಾಗ, ಎಡಗಡೆ ಹಲಗೆ, ಅದರ ಮೇಲೆ ನೀಲಿ ಅಂಚಿನ ಟವೆಲ್, ಏಳು. ಟವೆಲ್ ಕೂತಿತ್ತು. ಚಳ್ಳಕೆರೆ ಬಸ್ಸಿನಲ್ಲಿ ಹಾಕುವ ಹಾಗೆಯೇ ಹಾಕಿಹೋಗಿದ್ದ, ತನ್ನ ಜಾಗಕ್ಕೆ, ಇವನ ಕಣ್ಣು ಅದನ್ನು ಮನುಷ್ಯ ಅಂದಿತು, ಬಸ್ ಸ್ಟ್ಯಾಂಡಿನಲ್ಲಿ ಬೆಳೆದ ಕಣ್ಣು, ಕಣ್ಣು ಏಳು ಅಂದಿತು, ಬಾಯಿ ಒಂದು ಬಿಟ್ಟಿತು, ಆರು, ಹೊರಡಿ. ಇಂಜಿನ್ನು ಸದ್ದು ಮಾಡಿತು. ಬೇರೆ ಯಾರೇ ಎಣಿಸಿದ್ದರೂ ಆರಕ್ಕೆ ಬೆಚ್ಚುತ್ತಿದ್ದರು, ಇವನ ಆರಕ್ಕೆ ಯಾರೂ ತಿರುಗಿ ನೋಡಲಿಲ್ಲ. ದಡದಲ್ಲಿ ಯಾರೋ ಆ ಟವೆಲ್ ಎತ್ತಿ, ಯಾರದು ಇದು?

ಮೂರನೆಯ ದಿನ ಕಿರಣ ಹೆಣವಾಗಿ ಸಿಕ್ಕ, ಸೊಂಟದ ಬಲೆಚೀಲದಲ್ಲಿ ಆ ಸಣ್ಣ ನಾಗರನಕ್ಷತ್ರ ಇತ್ತು, ಒಂದು ಕೈ ಮುರಿದು. ವಿಚಾರಣೆಗೆ ಬಂದವರು ಕೇಳಿದರು, ನೀವು ಎಣಿಸಿದಿರಾ, ಎಣಿಸಿದೆ ಸಾರ್, ಎಲ್ಲರೂ ಇದ್ದರು, ಮತ್ತೆ ಅವನು ಹೇಗೆ, ಯಾರಿಗೂ ಹೇಳದೆ ಮತ್ತೆ ಇಳಿದಿರಬೇಕು ಸಾರ್ — ಒಂದೇ ವಾಕ್ಯ, ಬಾಯಿಂದ ಬಿತ್ತು, ಅವರು ಬರೆದುಕೊಂಡರು, ಕೆಳಗೆ ಇವನು ಸಹಿ ಹಾಕಿದ. ಆ ವಾಕ್ಯ ಇವನಿಗಿಂತ ಮೊದಲು ಮೊಳಕಾಲ್ಮೂರು ಮುಟ್ಟಿತು. ವರದಿಯಲ್ಲಿ ಅರವತ್ತೆಂಟೇ ಉಳಿಯಿತು, ಆ ಕಡಲಿನ ಅರವತ್ತೊಂಬತ್ತನೆಯದು ಇವನ ಬ್ಯಾಗಿನಲ್ಲಿ ಗುಟ್ಟಾಗಿ ಬಂದು ಚಳ್ಳಕೆರೆಯ ಕಪಾಟು ಸೇರಿತು, ಹೆಸರು ಬರೆದರೆ ಎಲ್ಲಿ ಸಿಕ್ಕಿತು, ಯಾರು ತಂದರು ಅಂತಲೂ ಬರೆಯಬೇಕಲ್ಲ. ಹೇಡಿ. ಬೇರೆ ಪದ ಹುಡುಕಿ ಪ್ರಯೋಜನವಿಲ್ಲ, ಹೇಡಿ. ಹಾನಗಲ್ ಹಿಂದಾಯಿತು, ಬಂಡೆಗಳ ಗುಡ್ಡ ಕಂಡಿತು, ಕಂಡಕ್ಟರು ಟವೆಲ್ ಎತ್ತಿ ಮೇಲಿನ ಕಂಬಿಗೆ ಕಟ್ಟಿದ, ಸೀಟು ಖಾಲಿಯಾಯಿತು, ಖಾಲಿಯಾದ ಮೇಲೂ ರಾಜಣ್ಣ ಕೂರಲಿಲ್ಲ.

ಮಗ್ಗದ ಸದ್ದು ಓಣಿಗೆ ಕೇಳುತ್ತದೆ, ಟಕ್ ಟಕ್, ರಶ್ಮಿತಾ ಬಾಗಿಲಲ್ಲೇ ಇದ್ದಾಳೆ, ಅವ್ವ, ಸಾರ್ ಬಂದ್ರು, ಸದ್ದು ನಿಲ್ಲುತ್ತದೆ. ರಾ ನಾಯನಾ, ಒಳಗ್ ಬಾರಪ್ಪ, ಕೂತ್ಕೋ — ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಕಾಟಮ್ಮ, ಕಿರಣ ಹೇಳುತ್ತಿದ್ದಷ್ಟು ದಪ್ಪಗಿಲ್ಲ, ಇಳಿದುಹೋಗಿದ್ದಾಳೆ, ಗೋಡೆಯ ಮೇಲೆ ಹಳದಿಯಾದ ಗ್ರಾಫ್ ಹಾಳೆ, ಐದು ಕೈ, ಒಂದು ಸೊಟ್ಟ, ಪಕ್ಕದಲ್ಲಿ ಕಿರಣನ ಅಪ್ಪ ಯರ್ರಪ್ಪನ ಫೋಟೋ, ಕುಂಕುಮ, ಹಾರ, ಅಪ್ಪನೂ ಹೋದನೇ, ರಶ್ಮಿತಾ ಹೇಳಲೇ ಇಲ್ಲವಲ್ಲ. ನೀರು ಕುಡಿ ಅಂದಳು, ಕುಡಿದ. ಒಂದೇ ಮಾತು ಕೇಳ್ತೀನಿ ನಾಯನಾ, ಸುಳ್ಳು ಹೇಳ್ಬ್ಯಾಡ, ನನ್ ಮಗ ಹೇಳಿ ಹೋದ್ನಾ, ಹೇಳ್ದೆ ಹೋದ್ನಾ? ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವು, ಬರೀ ಮೂರು ಉಳಿದಿವೆ, ಹೇಳಿ ಹೋದ ಅಮ್ಮ. ನನಗೇ ಹೇಳಿದ್ದ, ನಾನು ಹೂಂ ಅಂದಿದ್ದೆ, ಮರ್ತೆ, ತಪ್ಪು ಎಣಿಸ್ದೆ, ಅಲ್ಲಿ ಸುಳ್ಳು ಬರೆಸ್ದೆ, ತಪ್ಪು ನಂದು, ಅವನ್ದೇನೂ ಇಲ್ಲ — ಹೇಳಿದ, ಕಡೆಗೂ ಹೇಳಿದ, ಎದೆ ಹಗುರಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ಕಾಟಮ್ಮ ಮಗ್ಗದ ಹಾಸುನೂಲಿನ ಒಂದು ಎಳೆ ಹಿಡಿದುಕೊಂಡೇ ಇದ್ದಾಳೆ, ಫೋಟೋ ಕಡೆ ನೋಡಿ, ಕೇಳಿದ್ಯಾ, ಅಂದಳು. ಹೇಳಿದ್ ಮಾತು ಕೇಳ್ದೇ ಇರೋನು, ಅದಕ್ಕೇ ಹಂಗಾತು ಅಂತ ಮಗನ್ನ ಬೈಕಂಡೇ ಸತ್ತ ಕಣಪ್ಪ ಇವರಪ್ಪ, ನೀನು ಒಂದ್ ವರ್ಷ ಮೊದ್ಲು ಬಂದಿದ್ರೆ ಆಗ್ತಿತ್ತು.

ರಶ್ಮಿತಾ ಬಾಯಿಗೆ ದುಪಟ್ಟಾ ಒತ್ತಿ ನಿಂತಿದ್ದಾಳೆ, ಇವನು ಬ್ಯಾಗಿನ ಜಿಪ್ ಎಳೆಯುತ್ತಾನೆ, ಪ್ಲಾಸ್ಟಿಕ್ ಚೀಲ ಬಿಚ್ಚುತ್ತಾನೆ, ನಾಲ್ಕು ವರ್ಷದ ಉಪ್ಪಿಗೆ ಟವೆಲ್ಲು ಹಪ್ಪಳದಂತೆ ಒರಟಾಗಿದೆ, ಕಾಟಮ್ಮ ತೊಡೆಯ ಮೇಲೆ ಹರಡಿಕೊಂಡು ನೀಲಿ ಅಂಚು ಸವರುತ್ತಾಳೆ, ಬೈಯಲಿ, ಉಗಿಯಲಿ, ಲಾಳಿ ಎತ್ತಿ ಹೊಡೆಯಲಿ, ಅವಳು ಮೆಲ್ಲಗೆ, ಇದು ನಾನೇ ಕೊಟ್ಟಿದ್ದು, ಕಾಲೇಜಿಗೆ ಹೋಗೋವಾಗ ಬಸ್ಸಾಗೆ ಸೀಟು ಹಿಡ್ಕೋ ಅಂತ, ಎಲ್ಲಿತ್ತು ಇದು? ದೋಣೀಲಿ ಅಮ್ಮ, ಅವನು ಕೂರೋ ಹಲಗೆ ಮೇಲೆ. ಹಾಸಿ ಇಟ್ಟಿದ್ನಾ, ಮುದ್ದೆ ಮಾಡಿ ಎಸೆದಿದ್ನಾ? ಹಾಸಿದ್ದ. ನೀಟಾಗಿ ಹಾಸಿದ್ದ. ಕಾಟಮ್ಮ ತಲೆ ಎತ್ತಿ ಮೊದಲ ಬಾರಿ ಇವನ ಕಣ್ಣು ನೋಡಿದಳು, ಟವೆಲ್ ಹಾಕಿ ಹೋದೋನು ಬರ್ತಾನೆ, ನನ್ ಜಾಗ ಹಿಡ್ಕಂಡಿರಿ ಅಂತ ತಾನೆ ನಾಯನಾ ಅದರ ಅರ್ಥ? — ರಾಜಣ್ಣ ಮತ್ತೆ ಎಣಿಸುತ್ತಿದ್ದಾನೆ, ಒದ್ದೆ ತಲೆಗಳು, ಒಂದು, ಎರಡು, ಮೂರು, ನಾಲ್ಕು, ಐದು, ಆರು, ಆರು, ಎಡಗಡೆ ಹಲಗೆ, ಹಲಗೆಯ ಮೇಲೆ ನೀಟಾಗಿ ಹಾಸಿದ ಟವೆಲ್, ನೀಲಿ ಅಂಚು, ಒಂದು ತುದಿ ಒದ್ದೆ, ಹಲಗೆ, ಟವೆಲ್.