ಹರಸಿದ ಮೇಲೆ ನಿಲ್ಲಬಾರದು

ಇಸ್ಸಿಕ್-ಕುಲ್ ಸರೋವರದ ಪಡುದಂಡೆಯಲ್ಲಿ ಎರಡು ಗಾಳಿಗಳ ಸಂಸಾರ. ಮೂಡಣದಿಂದ ಬರುವ ಸಂತಾಶ್ ಸಾಧು. ಪಡುವಣ ಕಣಿವೆಯಿಂದ ನುಗ್ಗುವ ಉಲಾನ್ ಮಹಾ ಮುಂಗೋಪಿ. ಇವೆರಡೂ ಮುಖಾಮುಖಿಯಾಗುವ ಹೊತ್ತಿನಲ್ಲಿ ಪುಟ್ಟ ವಿಮಾನದವನು ನೆಲ ಬಿಡಬಾರದು. ಅಂಥದ್ದೊಂದನ್ನು ಹಾರಿಸುವ ಮೆದೆರ್‌ಬೆಕ್‌ಗೆ ಇಪ್ಪತ್ತು ವರ್ಷದಿಂದ ಇದು ಗೊತ್ತು.

ಆದರೆ ಆ ಬೆಳಿಗ್ಗೆ ಅವನ ಹಿಂದಿನ ಸೀಟಿನಲ್ಲಿ ಮಲಗಿದ್ದವಳು ತುಂಬು ಬಸುರಿ ತಂಗಿ ಕನಿಶಾಯ್. ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಬೆಟ್ಟದಾಚೆಯ ಆಸ್ಪತ್ರೆಗೆ ಹಾರಿಯೇ ಹೋಗಬೇಕಿತ್ತು.

ಊರ ಹಿರಿಯ ಸಾರಿಕ್‌ಬಾಯ್ ಅಜ್ಜ ಅಂಗೈ ಬಿಚ್ಚಿ ಹರಸತೊಡಗಿದ. ಏಳು ತಲೆಮಾರಿನವರ ಹೆಸರು ಹೇಳದೆ ಬಿಡುವ ಆಸಾಮಿಯಲ್ಲ. ಅವನು ಹಾರೈಕೆ ಮುಗಿಸಿ "ಓಮಿನ್" ಎಂದು ಮುಖ ಸವರಿಕೊಳ್ಳುವ ಹೊತ್ತಿಗೆ ಚಿಮಣಿಯ ಹೊಗೆ ಕೆಳಗೆ ಪಡುವಣಕ್ಕೆ ಬಾಗಿ, ಮೇಲೆ ಹೋಗಿ ಮೂಡಣಕ್ಕೆ ತಿರುಗಿತ್ತು.

"ಅಜ್ಜಾ, ಸ್ವಲ್ಪ ತಡೀತೀನಿ. ಮೇಲ್ಗಾಳಿ ಸರಿ ಇಲ್ಲ."

"ಏನೋ ನಿಂದು? ಹರಸಿದ ಮೇಲೆ ನಿಂತವರು ಯಾರಾದ್ರೂ ಉದ್ಧಾರ ಆಗಿದ್ದಾರಾ? ಬಸುರಿ ಹೆಂಗಸಿಗೆ ಅಪಶಕುನ ತರಬೇಡ, ಹೊರಡು!"

ಸುತ್ತ ನಿಂತ ನೆಂಟರೆಲ್ಲ ತಲೆದೂಗಿದರು. ನಾಲ್ಕು ಜನರೆದುರಿನ ನಾಚಿಕೆ ಎಂಥ ಬುದ್ಧಿವಂತನನ್ನೂ ಕುರಿ ಮಾಡುತ್ತದೆ. ಮೆದೆರ್‌ಬೆಕ್ ಹೊರಟೇಬಿಟ್ಟ.

ಸಂತಾಶ್ ಎದುರಿಗಿತ್ತು. ಅರ್ಧ ಓಟಕ್ಕೇ ಚಕ್ರಗಳು ನೆಲ ಬಿಟ್ಟವು. ಸದ್ದೆಲ್ಲ ದೂರವಾದಂತಾಯಿತು. ನೀಲಿ ನೀರು, ಬಿಳಿ ಬೆಟ್ಟ ಎಲ್ಲ ನಿದ್ದೆಯಲ್ಲಿ ಕಂಡ ಹಾಗೆ ಮೆಲ್ಲಗೆ ತೇಲಿದವು.

"ಅಣ್ಣಾ, ತೊಟ್ಟಿಲಲ್ಲಿ ಮಲಗಿದ ಹಾಗಿದೆ," ಎಂದಳು ಕನಿಶಾಯ್. ಅವನಿಗೂ ಹೀಗೇ ತೇಲುತ್ತಿದ್ದರೆ ಸಾಕು ಅನ್ನಿಸಿತು.

ಅಷ್ಟರಲ್ಲಿ ಸರೋವರದ ಮೇಲೆ ಕಪ್ಪು ಗೆರೆಯೊಂದು ಹಿಂದಿನಿಂದ ಓಡಿಬಂದು ರೆಕ್ಕೆಯ ಸಮಕ್ಕೆ ಸೇರಿತು. ಉಲಾನ್! ಎದುರುಗಾಳಿ ಇದ್ದಕ್ಕಿದ್ದಂತೆ ಸತ್ತಿತು, ವೇಗದ ಮುಳ್ಳು ಸರ್ರನೆ ಇಳಿಯಿತು. ಇನ್ನೂ ಆಳೆತ್ತರದಲ್ಲಿದ್ದರು, ಮುಂದೆ ಒಂದಿಷ್ಟು ನೆಲ ಉಳಿದಿತ್ತು. ಮೆದೆರ್‌ಬೆಕ್ ಎಂಜಿನ್ ತಗ್ಗಿಸಿ ವಿಮಾನವನ್ನು ನೆಲಕ್ಕೆ ಕುಕ್ಕಿದ. ಅದು ಕುಪ್ಪಳಿಸಿ ಜೊಂಡಿನೊಳಗೆ ನುಗ್ಗಿ ನಿಂತಿತು.

"ಹಾರ್ತಾ ಇತ್ತಲ್ಲೋ, ಹೇಡಿ! ಯಾಕೋ ಇಳಿಸಿದೆ?" ಎಂದು ಅತ್ತ ಕನಿಶಾಯ್ ಆಮೇಲೆ ಹೊಟ್ಟೆ ಹಿಡಿದುಕೊಂಡಳು. "ಅಣ್ಣಾ... ಮಗು ಅಲ್ಲಾಡ್ತಾ ಇಲ್ಲ."

ಅವನು ಗಾಜಿನಾಚೆ ನೋಡಿದ. ಹೊರಗೆ ಎರಡು ಗಾಳಿಗಳೂ ಕಿತ್ತಾಡಿ ನೀರನ್ನು ಕಂಬದಂತೆ ಎಬ್ಬಿಸಿದ್ದವು. ಅಜ್ಜ ಓಡಿಬಂದು ಬಾಗಿಲು ಬಡಿದ. "ಮತ್ತೆ ಹಾರೋ ಮಗನೇ!"

"ನಿಮ್ಮ ಆಶೀರ್ವಾದ ಬೇಕು ಅಜ್ಜ. ನಿಮ್ಮ ಮಾತು ಮಾತ್ರ ಇವತ್ತು ಕೇಳಲ್ಲ."

ಒಂದು ಗಂಟೆ ತಂಗಿಯ ಕೈ ಹಿಡಿದು ಕೂತ. ಇವಳಿಗೇನಾದರೂ ಆದರೆ ತಪ್ಪು ನನ್ನದೇ ಎಂದು ಒಳಗೊಳಗೇ ಬೆಂದ. ಕೊನೆಗೆ ಉಲಾನ್ ಗೆದ್ದಿತು. ಸರೋವರವೆಲ್ಲ ಒಂದೇ ಬಣ್ಣಕ್ಕೆ ತಿರುಗಿ ಗಾಳಿ ಹದಕ್ಕೆ ಬಂತು. ನೆಂಟರು ವಿಮಾನವನ್ನು ಜೊಂಡಿನಿಂದ ಎಳೆದು ಕೊಟ್ಟರು. ಅವನು ಅದರ ಸುತ್ತ ಒಂದು ಸಲ ನಡೆದು ನೋಡಿ, ಮೂತಿಯನ್ನು ಪಡುವಣಕ್ಕೆ ತಿರುಗಿಸಿ ಹಾರಿದ.

ವಿಮಾನ ಹಿಮದ ಕಣಿವೆಯ ಮೇಲೆ ಬಂತು. ಹಿಂದಿನಿಂದ ಒಂದು ಕೈ ಅವನ ಭುಜ ಹಿಡಿಯಿತು. ತಿರುಗಲು ಅವನಿಗೆ ಭಯವಾಯಿತು. ಕನಿಶಾಯ್ ಅವನ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಏನೋ ಅಂಗೈಗೆ ಬಲವಾಗಿ ತಾಗಿತು.

"ನಿನ್ನನ್ನೇ ಒದೀತಿದೆ ನೋಡು, ತಡ ಮಾಡಿದ್ದಕ್ಕೆ."

"ಒದೀಲಿ ಬಿಡೇ, ಒದೀಲಿ," ಎಂದು ಮೆದೆರ್‌ಬೆಕ್ ಗೊಳೋ ಎಂದು ಅತ್ತ.